ಕೈ ಸ್ಕ್ವೇರ್: ಎಕ್ಸೆಲ್‌ನಲ್ಲಿ 5.06, ಕೈಲೆಕ್ಕದಲ್ಲಿ 8.75. ಯಾವುದು ಸರಿ? (ಚಳ್ಳಕೆರೆ ಶೇಂಗಾ ಸರ್ವೆ)

ಶೇಂಗಾ_ಸರ್ವೆ
ನಮಸ್ಕಾರ. ಚಿತ್ರದುರ್ಗದಲ್ಲಿ ಎಂಎ ಓದ್ತಾ ಇದ್ದೀನಿ. ಪ್ರಾಜೆಕ್ಟ್‌ಗೆ ನಾಯಕನಹಟ್ಟಿ, ಪರಶುರಾಂಪುರ ಕಡೆ ಹಳ್ಳಿ ಸುತ್ತಿ ಶೇಂಗಾ ಬೀಜದ ಮಾಹಿತಿ ತಂದಿದ್ದೀನಿ. ಬೀಜ ಎಲ್ಲಿಂದ ತಂದರು ಅನ್ನೋದಕ್ಕೂ ಮೊಳಕೆ ಹೇಗೆ ಬಂತು ಅನ್ನೋದಕ್ಕೂ ಸಂಬಂಧ ಇದೆಯಾ ಅಂತ ಕೈ ಸ್ಕ್ವೇರ್ (χ²) ಅನ್ನೋ ಸಂಖ್ಯಾಶಾಸ್ತ್ರದ ಪರೀಕ್ಷೆಯಿಂದ ನೋಡಬೇಕು. ಒಟ್ಟು 90:

ಮನೆ ಬೀಜ: ಚೆನ್ನಾಗಿ 22, ಕಡಿಮೆ 18
ರೈತ ಸಂಪರ್ಕ ಕೇಂದ್ರ: ಚೆನ್ನಾಗಿ 24, ಕಡಿಮೆ 6
ಮಂಡಿ: ಚೆನ್ನಾಗಿ 8, ಕಡಿಮೆ 12

ಸಾಲುಗಳನ್ನ ಶೇಕಡಾಕ್ಕೆ ತಂದು (55-45, 80-20, 40-60) ಎಕ್ಸೆಲ್‌ನ ಕೈ ಸ್ಕ್ವೇರ್ ಟೆಸ್ಟ್ ಫಂಕ್ಷನ್‌ಗೆ ಕೊಟ್ಟೆ. 5.06ಇ-08 ಅಂತ ಬಂತು. ಕೈ ಸ್ಕ್ವೇರ್ ಟೇಬಲ್‌ನಲ್ಲಿ ಗಡಿ 5.99 ಇದೆ (ಅದನ್ನ ದಾಟಿದರೆ ಸಂಬಂಧ ಇದೆ ಅಂತ), ನಂದು ಅದಕ್ಕಿಂತ ಕಡಿಮೆ, ಹಾಗಾಗಿ ಸಂಬಂಧ ಇಲ್ಲ ಅಂತ ಬರೆದೆ. ಗೈಡ್ ಕೈಲೆಕ್ಕ ಮಾಡಿಸಿದರು, 8.75 ಬಂತು, ಸಂಬಂಧ ಇದೆ ಅಂದರು. ಎರಡು ದಿನದಿಂದ ತಲೆ ಕೆಟ್ಟಿದೆ. ಇನ್ನೊಂದು: ಕೋಷ್ಟಕದಲ್ಲಿ ಆರು ಮನೆ (ಸೆಲ್) ಇರೋದ್ರಿಂದ ಡಿಗ್ರೀಸ್ ಆಫ್ ಫ್ರೀಡಂ (ಟೇಬಲ್‌ನಲ್ಲಿ ಯಾವ ಗಡಿ ನೋಡಬೇಕು ಅಂತ ತೋರಿಸೋ ಸಂಖ್ಯೆ) 5 ಅಂತ ಗೆಳೆಯ ಹೇಳ್ತಾನೆ. ಅದು ಸರಿನಾ?

ದುರ್ಗದ_ಮೇಷ್ಟ್ರು
ತಮ್ಮಾ, ಒಂದೇ ಹೆಜ್ಜೆಯಲ್ಲಿ ಎರಡು ಸಲ ಎಡವಿದ್ದೀಯ.

ಆ ಫಂಕ್ಷನ್ ಕೊಡೋದು ಕೈ ಸ್ಕ್ವೇರ್ ಬೆಲೆ ಅಲ್ಲ, ಪಿ ಬೆಲೆ. ಅಂದರೆ ಸಂಬಂಧವೇ ಇಲ್ಲದಿದ್ದರೂ ಇಷ್ಟು ಅಥವಾ ಇನ್ನೂ ದೊಡ್ಡ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರೋ ಸಾಧ್ಯತೆ. ಕೊನೆಯಲ್ಲಿರೋ ಇ-08 ಎರರ್ ಕೋಡ್ ಅಲ್ಲಪ್ಪ, ದಶಮಾಂಶ ಬಿಂದು ಎಂಟು ಸ್ಥಾನ ಎಡಕ್ಕೆ ಹೋಗಬೇಕು ಅಂತ ಅರ್ಥ. ಅಂದರೆ 0.0000000506. ಅದನ್ನ 0.05ರ ಜೊತೆ ಹೋಲಿಸಬೇಕು (ಅದಕ್ಕಿಂತ ಕಡಿಮೆ ಬಂದರೆ ಸಂಬಂಧಕ್ಕೆ ಪುರಾವೆ ಇದೆ ಅಂತ), 5.99ರ ಜೊತೆ ಅಲ್ಲ.

ಆ ಪುಟಾಣಿ ಸಂಖ್ಯೆಯೂ ಸುಳ್ಳೇ. ಶೇಕಡಾ ಹಾಕಿದ ಕೂಡಲೆ ಪ್ರತಿ ಸಾಲಿಗೂ ನೂರು ಜನ ಕೂತುಬಿಟ್ಟರು. ನಿನ್ನ 90 ಹೋಗಿ 300 ಆಯ್ತು. ಮಂಡಿಯ 20 ಜನ ಐದು ಪಟ್ಟು ಆದರು. ಈ ಪರೀಕ್ಷೆಗೆ ಎಣಿಕೆಯನ್ನೇ ಕೊಡಬೇಕು.

ಕೈಲೆಕ್ಕ ಒಮ್ಮೆ ನೋಡು. ಒಟ್ಟು 90ರಲ್ಲಿ 54 ಚೆನ್ನಾಗಿ, ಅಂದರೆ ಶೇ 60. ಬೀಜದ ಮೂಲಕ್ಕೂ ಮೊಳಕೆಗೂ ಸಂಬಂಧವೇ ಇಲ್ಲದಿದ್ದರೆ ಮೂರೂ ಸಾಲಲ್ಲಿ ಇದೇ ಶೇ 60 ಇರಬೇಕಿತ್ತು: ಮನೆ ಬೀಜದ 40ರಲ್ಲಿ 24, ಕೇಂದ್ರದ 30ರಲ್ಲಿ 18, ಮಂಡಿಯ 20ರಲ್ಲಿ 12. ಇವೇ ನಿರೀಕ್ಷಿತ ಸಂಖ್ಯೆ. ಸಿಕ್ಕಿದ್ದರಲ್ಲಿ ನಿರೀಕ್ಷಿತ ಕಳೆ, ವರ್ಗ ಮಾಡು, ನಿರೀಕ್ಷಿತದಿಂದ ಭಾಗಿಸು, ಆರೂ ಮನೆ ಕೂಡಿಸು. ಮನೆ ಬೀಜದಿಂದ ಅರ್ಧವೂ ಬರಲ್ಲ (0.42). ಕೇಂದ್ರದ ಸಾಲು ಒಂದರಿಂದಲೇ 5. ಮಂಡಿಯಿಂದ 3.33. ಕೂಡಿದರೆ 8.75. ನಿಮ್ಮ ಗೈಡ್ ಲೆಕ್ಕ ಸರಿ. ಎಕ್ಸೆಲ್‌ಗೆ ಎಣಿಕೆಯ ಕೋಷ್ಟಕ, ನಿರೀಕ್ಷಿತ ಕೋಷ್ಟಕ ಎರಡನ್ನೂ ಕೊಡು, ಪಿ 0.0126 ಬರುತ್ತೆ.

ಸಾಲು 3, ಕಂಬ 2 ಇರೋದ್ರಿಂದ ಡಿಗ್ರೀಸ್ ಆಫ್ ಫ್ರೀಡಂ (3-1)×(2-1), ಅಂದರೆ 2. ನಿನ್ನ ಟೇಬಲ್‌ನ 5.99 ಇದರ ಗಡಿಯೇ. ಗೆಳೆಯನ್ನ ಬೈಬೇಡ. 1900ರಲ್ಲಿ ಈ ಪರೀಕ್ಷೆ ಹುಟ್ಟಿಸಿದ ಕಾರ್ಲ್ ಪಿಯರ್ಸನ್ನೇ ಆರರಲ್ಲಿ ಒಂದು ಕಳೆದು 5 ಅಂತಿದ್ದ. 1922ರಲ್ಲಿ ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಫಿಶರ್ ಅದನ್ನ ತಿದ್ದಿದ. 5 ಅಂತ ತಗೊಂಡರೆ ಗಡಿ 11.07 ಆಗಿ ನಿನ್ನ 8.75 ಒಳಗೇ ಉಳಿದುಬಿಡುತ್ತೆ.

ಶೇಂಗಾ_ಸರ್ವೆ
ಸರ್, 0.0126 ಬಂತು! ಹಾಗಾದ್ರೆ ಸಂಬಂಧ ಇದೆ ಅಂತ ಬರೆದು ನಾಳೆ ಬೈಂಡಿಂಗ್‌ಗೆ ಕೊಡ್ತೀನಿ.

ಎಣಿಕೆ_ಅಕ್ಕ
ಬೈಂಡಿಂಗ್ ಎರಡು ದಿನ ತಡೆಯಪ್ಪ. ಈ 90 ಅನ್ನೋದು 90 ರೈತರಾ, 90 ಹೊಲಗಳಾ?

ಶೇಂಗಾ_ಸರ್ವೆ
ಹೊಲ, ಮೇಡಂ. ರೈತರು 68. ಕೆಲವರಿಗೆ ಎರಡು ಮೂರು ಕಡೆ ಹೊಲ ಇತ್ತು, ಒಂದೊಂದನ್ನೂ ಬೇರೆ ಸಾಲಾಗಿ ಹಾಕಿದೆ.

ಎಣಿಕೆ_ಅಕ್ಕ
ಅದೇ ಅಂದ್ಕೊಂಡೆ. ಒಬ್ಬ ರೈತ ಒಂದೇ ಚೀಲ ಬಿಚ್ಚಿ ಮೂರು ಹೊಲಕ್ಕೆ ಹಾಕಿದರೆ ಅದು ಮೂರು ಸಾಕ್ಷಿ ಅಲ್ಲ. ಒಬ್ಬನೇ ಸಾಕ್ಷಿ ಮೂರು ಸಲ ಹೇಳಿಕೆ ಕೊಟ್ಟ ಹಾಗೆ. ಒಂದು ಸಾಲಿಗೂ ಇನ್ನೊಂದಕ್ಕೂ ನಂಟಿಲ್ಲ ಅಂತ ನಂಬಿಕೊಂಡೇ ಈ ಪರೀಕ್ಷೆ ಲೆಕ್ಕ ಹಾಕುತ್ತೆ. ಸುಲಭದ ದಾರಿ ಅಂದರೆ ಹೆಚ್ಚು ಹೊಲ ಇರೋ ರೈತರಿಗೆ ಚೀಟಿ ಬರೆದು ಒಂದೇ ಒಂದು ಹೊಲ ಎತ್ತು. ಕಣ್ಣಿಗೆ ಚೆನ್ನಾಗಿ ಕಂಡಿದ್ದನ್ನ ಆರಿಸ್ಕೋಬೇಡ.

ಶೇಂಗಾ_ಸರ್ವೆ
ತಂಗಿ ಕೈಲಿ ಚೀಟಿ ಎತ್ತಿಸಿದೆ. ಈಗ 68:

ಮನೆ ಬೀಜ: 16, 12
ರೈತ ಸಂಪರ್ಕ ಕೇಂದ್ರ: 19, 5
ಮಂಡಿ: 7, 9

ಕೈ ಸ್ಕ್ವೇರ್ 5.53, ಪಿ 0.063. ಎಲ್ಲಾ ಹೋಯ್ತು ಮೇಡಂ. "ಸ್ವತಂತ್ರ ಅಂತ ಸಾಬೀತಾಯ್ತು" ಅಂತ ಬರೀಬೇಕಾ?

ಎಣಿಕೆ_ಅಕ್ಕ
ಹಾಗೆ ಮಾತ್ರ ಬರೀಬೇಡ. ಪುರಾವೆ ಸಾಲದು ಅನ್ನೋದು ಬೇರೆ, ಸಂಬಂಧ ಇಲ್ಲ ಅನ್ನೋದು ಬೇರೆ. ಕೈ ಸ್ಕ್ವೇರನ್ನ ಒಟ್ಟು ಸಂಖ್ಯೆಯಿಂದ ಭಾಗಿಸಿ ವರ್ಗಮೂಲ ತೆಗೆ, ನಂಟು ಎಷ್ಟು ಬಲವಾಗಿದೆ ಅಂತ 0ರಿಂದ 1ರೊಳಗೆ ಅಳೆಯೋ ಕ್ರಾಮರ್ ವಿ ಸಿಗುತ್ತೆ (ಎರಡೇ ಕಂಬ ಇರೋದ್ರಿಂದ ಇಷ್ಟೇ ಸಾಕು). ಆಗ 0.31 ಇತ್ತು, ಈಗ 0.29. ನಂಟಿನ ಬಲ ಹೆಚ್ಚುಕಮ್ಮಿ ಅಷ್ಟೇ ಇದೆ, ಇಳಿದಿರೋದು ಸಾಕ್ಷಿಗಳ ಸಂಖ್ಯೆ. ಎರಡೂ ಕೋಷ್ಟಕ ಹಾಕಿ ಯಾಕೆ ಬದಲಾಯ್ತು ಅಂತ ಒಂದು ಪ್ಯಾರಾ ಬರಿ. ನನ್ನನ್ನ ಕೇಳಿದರೆ ಇಡೀ ಪ್ರಾಜೆಕ್ಟ್‌ನಲ್ಲಿ ಓದೋ ಹಾಗಿರೋ ಪ್ಯಾರಾ ಅದೇ ಆಗುತ್ತೆ.

ಮುಂಗಾರು_ಬಿತ್ತನೆ
ನಂಗೆ ನಿಮ್ಮ ಪಿ ಗಿ ಗೊತ್ತಿಲ್ಲ, ಮೂವತ್ತು ವರ್ಷದಿಂದ ಶೇಂಗಾ ಹಾಕ್ತಿದ್ದೀನಿ. ಮಂಡಿ ಬೀಜ ತಂದವರು ಕಾಯಿ ತಂದ್ರೋ ಕಾಳು ತಂದ್ರೋ ಕೇಳಿದ್ಯೇನಪ್ಪ? ಮಿಷನ್‌ನಲ್ಲಿ ಸುಲಿದ ಕಾಳಿಗೆ ಸಿಪ್ಪೆ ಕಿತ್ತಿರುತ್ತೆ, ಬೇಳೆ ಬಿಟ್ಟಿರುತ್ತೆ. ಸುಲಿದು ನಾಲ್ಕು ದಿನ ಇಟ್ಟರೆ ಇನ್ನೂ ಕೆಡುತ್ತೆ. ನಾವು ಕಾಯಿ ತಂದು ಬಿತ್ತನೆಗೆ ಮುಂಚೆ ಮನೇಲೇ ಕೂತು ಸುಲೀತೀವಿ. ಇನ್ನೊಂದು, ಮಳೆ ಬಿತ್ತು ಅಂತ ಕೊನೇ ಗಳಿಗೇಲಿ ಮಂಡಿಗೆ ಓಡೋರು ಬಿತ್ತೋ ಹೊತ್ತಿಗೆ ಹೊಲದ ಹಸಿ ಆರಿರುತ್ತೆ. ಅದನ್ನ ಬೀಜದ ತಪ್ಪು ಅಂದ್ರೆ ಹೆಂಗೆ?

ಶೇಂಗಾ_ಸರ್ವೆ
ಅಣ್ಣ, ಮಂಡಿಯ 16 ಜನಕ್ಕೂ ಫೋನ್ ಮಾಡಿದೆ. ಕಾಳು ತಂದವರು 11: ಚೆನ್ನಾಗಿ 3, ಕಡಿಮೆ 8. ಕಾಯಿ ತಂದವರು 5: ಚೆನ್ನಾಗಿ 4, ಕಡಿಮೆ 1. ಇದಕ್ಕೂ ಕೈ ಸ್ಕ್ವೇರ್ ಹಾಕಲಾ?

ದುರ್ಗದ_ಮೇಷ್ಟ್ರು
ಬೇಡ. ನಿರೀಕ್ಷಿತ ಸಂಖ್ಯೆ ನಾಲ್ಕರಲ್ಲಿ ಮೂರು ಮನೆಯಲ್ಲಿ ಐದಕ್ಕಿಂತ ಕಡಿಮೆ, ಕಾಯಿ-ಚೆನ್ನಾಗಿ ಮನೆಯಲ್ಲಂತೂ 2.19. ಇಷ್ಟು ಚಿಕ್ಕ ಕೋಷ್ಟಕಕ್ಕೆ ಫಿಶರ್ ಎಕ್ಸಾಕ್ಟ್ ಟೆಸ್ಟ್, ಅದು ಸಾಧ್ಯ ಇರೋ ಜೋಡಣೆಗಳನ್ನೇ ಎಣಿಸಿ ನೇರವಾಗಿ ಪಿ ಕೊಡುತ್ತೆ. ಎರಡೂ ಬದಿ ಸೇರಿಸಿ ಮಾಡಿದೆ: ಒಟ್ಟು 4368 ಜೋಡಣೆಯಲ್ಲಿ ಇಷ್ಟು ಅಥವಾ ಇದಕ್ಕಿಂತ ಅಪರೂಪದ್ದು 462, 462 ÷ 4368, ಅಂದರೆ ಪಿ 0.106. 0.05ಕ್ಕಿಂತ ಹೆಚ್ಚು, ಪುರಾವೆ ಸಾಲದು.

ಎಣಿಕೆ_ಅಕ್ಕ
ಅದೂ ಅಲ್ಲದೆ ಈ ಪ್ರಶ್ನೆ ಹುಟ್ಟಿದ್ದು ದತ್ತಾಂಶ ನೋಡಿದ ಮೇಲೆ. "ಮುಂದೆ ನೋಡಬೇಕಾದ್ದು" ಅಂತ ಬರಿ, ಫಲಿತಾಂಶದ ಅಧ್ಯಾಯಕ್ಕೆ ಸೇರಿಸಬೇಡ.

ಮುಂಗಾರು_ಬಿತ್ತನೆ
ಮುಂದೆ ಅಂದ್ರೆ ಮುಂದಿನ ಮುಂಗಾರಿಗೆ ಬಾ. ಬಿತ್ತೋಕೆ ಮುಂಚೆ ಪ್ರತಿಯೊಬ್ಬರ ಚೀಲದಿಂದ ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಲ್ಲಿ ಸುತ್ತಿಡು. ಸರ್ಟಿಫೈಡ್ ಶೇಂಗಾ ಬೀಜ ಅಂದ್ರೆ ನೂರಕ್ಕೆ 70 ಆದ್ರೂ ಮೊಳೀಬೇಕು. ಆಗ ಬೀಜದ್ದು ಎಷ್ಟು, ಹೊಲದ ಹಸಿದು ಎಷ್ಟು ಅಂತ ಬೇರೆ ಬೇರೆ ಗೊತ್ತಾಗುತ್ತೆ. ಗೋಣಿತಾಟು ನಮ್ಮನೇಲೇ ಬೇಕಾದಷ್ಟಿದೆ.