ಪುಟ್ಟಿ, ಸಹಿ ಮಾಡಬೇಡ

ಪುಟ್ಟಿ, ನಾನು ಯಲಬುರ್ಗಾ ದೊಡ್ಡಮ್ಮ. ಟೈಪ್ ಮಾಡೋಕೆ ಕಣ್ಣು ಕಾಣಲ್ಲ, ಅದಕ್ಕೇ ನಮ್ಮ ಮನೆ ಗ್ರೂಪಿಗೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆದರೆ ಯಾರೂ ಬೈಕೋಬೇಡಿ.

"ಲೋಕದಲ್ಲಿ 800 ಕೋಟಿ ಜನ ಆಗಿದ್ದಾರಂತೆ, ಮುಂದೆ ಕುಡಿಯೋಕೆ ನೀರೂ ಸಿಗಲ್ಲ, ಒಂದೇ ಕೂಸು ಸಾಕು, ಸೋಮವಾರ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿಸ್ಕೋ ಅಂತ ಇವರು ವಿಡಿಯೋ ನೋಡಿ ಹೇಳ್ತಿದ್ದಾರೆ, ಮಾಡಿಸ್ಲಾ ದೊಡ್ಡಮ್ಮ" ಅಂತ ಕೇಳಿದ್ದೀಯ. ನಿನಗೆ ಇನ್ನೂ 26. ಕೂಸಿಗೆ ಒಂದೂವರೆ ವರ್ಷ. ಸೋಮವಾರ ಯಾವ ಕಾಗದಕ್ಕೂ ಸಹಿ ಮಾಡಬೇಡ.

800 ಕೋಟಿ ಸುಳ್ಳಲ್ಲ. 2022ರ ನವೆಂಬರ್‌ನಲ್ಲೇ ಆಯಿತು. ಆದರೆ ಅದು ಹೆಂಗಸರು ಮೊದಲಿಗಿಂತ ಜಾಸ್ತಿ ಹೆತ್ತು ಆದದ್ದಲ್ಲ ಯವ್ವಾ. ನಮ್ಮವ್ವ ಒಂಬತ್ತು ಹೆತ್ತಳು, ಉಳಿದದ್ದು ಐದು. ನಿಮ್ಮಮ್ಮನಿಗಿಂತ ಮುಂಚೆ ಹೋದ ಎರಡು ಕೂಸಿನ ಹೆಸರು ಈಗ ಯಾರಿಗೂ ನೆನಪಿಲ್ಲ. ಆಮೇಲೆ ಲಸಿಕೆ ಬಂತು, ಬೋರ್‌ವೆಲ್ ನೀರು ಬಂತು, ಹುಟ್ಟಿದ್ದು ಉಳಿಯಿತು. ಹೆರೋದು ಕಡಿಮೆ ಆಗೋಕೆ ಮಾತ್ರ ಇನ್ನೊಂದು ತಲೆಮಾರು ಹಿಡಿಯಿತು. ಆ ನಡುವೆ ಜನ ಉಕ್ಕಿದರು. ಮೊದಲ 100 ಕೋಟಿ ಆದದ್ದು 1804ರ ಸುಮಾರಿಗೆ, 200 ಆಗೋಕೆ 1927ರ ತನಕ ಬೇಕಾಯಿತು. 1987ಕ್ಕೆ ನೋಡಿದರೆ 500 ಕೋಟಿ!

ಆ 1987 ನಾನು ಮರೆಯೋ ಹಾಗಿಲ್ಲ. ಜುಲೈ 11ಕ್ಕೆ 500 ಕೋಟಿ ಅಂತ ಎಲ್ಲ ಕಡೆ ಅದೇ ಮಾತು. ನಾನು ಆಗ ನರ್ಸು. ಅದಕ್ಕೆ ಮೂರೂವರೆ ತಿಂಗಳ ಮುಂಚೆ, ಮಾರ್ಚ್ ಕೊನೆಯಲ್ಲಿ, ನನಗೆ ಒಂದು ಕೇಸ್ ಕಡಿಮೆ ಬಿದ್ದಿತ್ತು. ನರ್ಸುಗಳಿಗೆ ಆಗ ಟಾರ್ಗೆಟ್ ಇತ್ತಲ್ಲ, ವರ್ಷಕ್ಕೆ ಇಷ್ಟು ಆಪರೇಷನ್ ಅಂತ. ತುಂಬದಿದ್ದರೆ ಸಂಬಳ ಹಿಡಿಯುತ್ತೇವೆ ಅಂತ ಮೇಲಿನವರು ಮೀಟಿಂಗ್‌ನಲ್ಲಿ ಎಲ್ಲರ ಎದುರು ನಿಲ್ಲಿಸಿ ಬೈದಿದ್ದರು. ನಮ್ಮ ಮನೆಗೆ ಹಾಲು ಹಾಕೋ ಹುಡುಗಿ ಇದ್ದಳು. 22 ವರ್ಷ. ಒಂದು ಗಂಡು, ಒಂದು ಹೆಣ್ಣು. ಎರಡು ಸಾಕಲ್ವೇನೇ, ದುಡ್ಡೂ ಕೊಡುತ್ತಾರೆ ಅಂತ ನಾನೇ ಪುಸಲಾಯಿಸಿದೆ. ಶಾಲೆಯಲ್ಲಿ ಕ್ಯಾಂಪ್. ಸಂಜೆ ನೆಲದ ಮೇಲೆ ಸಾಲಾಗಿ ಮಲಗಿಸಿದ್ದರು, ಕೊನೆಯವಳು ಅವಳು. ಹೆಬ್ಬೆಟ್ಟು ಒತ್ತಿಸಿದ್ದು ಈ ಕೈ.

ಮುಂದಿನ ಮಳೆಗಾಲ ವಾಂತಿಭೇದಿ ಬಂತು. ಗಂಡು ಕೂಸು ಎರಡು ದಿನದಲ್ಲಿ ಹೋಯಿತು. ವರ್ಷ ತುಂಬೋದರಲ್ಲಿ ಅವಳ ಗಂಡ ಇನ್ನೊಬ್ಬಳನ್ನು ತಂದ. ಆಮೇಲೆ ಗವಿಮಠದ ಜಾತ್ರೆಯಲ್ಲಿ ಸಿಕ್ಕಳು. ಬೈಯಲಿಲ್ಲ. "ಸಿಸ್ಟರಮ್ಮ, ಆ ವರ್ಷ ನಿಮ್ಮ ಲೆಕ್ಕ ತುಂಬಿತಾ?" ಅಂದಳು ಅಷ್ಟೇ. ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ನನಗೆ ತಿನ್ನೋಕಾಗಲಿಲ್ಲ.

ಅದಕ್ಕೇ ಹೇಳೋದು. ಯಾರದೋ ಲೆಕ್ಕ ನೋಡಿ ಹೆದರಿ ಸಹಿ ಮಾಡಬೇಡ ಪುಟ್ಟಿ. ಈಗ ಆ ಲೆಕ್ಕವೂ ತಿರುಗಿದೆ. ನಮ್ಮವ್ವನ ಕಾಲಕ್ಕೆ ದೇಶದಲ್ಲಿ ಹೆಂಗಸಿಗೆ ಸರಾಸರಿ ಆರು ಮಕ್ಕಳ ಹತ್ತಿರ ಇತ್ತು, ಈಗ ಎರಡು. ಕರ್ನಾಟಕದಲ್ಲಿ 1.7. ಜನ ಇದ್ದಷ್ಟೇ ಇರಬೇಕು ಅಂದರೂ 2.1 ಬೇಕು. ವಯಸ್ಸಿನ ಹುಡುಗ ಹುಡುಗಿಯರು ಜಾಸ್ತಿ ಇರೋದರಿಂದ ಲೋಕದ ಒಟ್ಟು ಜನ ಇನ್ನೂ ಸ್ವಲ್ಪ ಕಾಲ ಏರುತ್ತಾರೆ. 2080ರ ಆಚೆ ಇಳಿಯುತ್ತಾರೆ ಅಂತ ವಿಶ್ವಸಂಸ್ಥೆಯವರೇ ಅಂದಾಜು ಹಾಕಿದ್ದಾರೆ. ನಿನ್ನ ಒಂದು ಆಪರೇಷನ್‌ನಿಂದ ತುಂಗಭದ್ರಾ ಡ್ಯಾಮ್ ತುಂಬಲ್ಲ.

ಇನ್ನೊಂದು. ಅಳಿಯಂದಿರು ಬೇಜಾರು ಮಾಡ್ಕೋಬಾರದು. ಒಂದೇ ಸಾಕು ಅಂತ ಅವರಿಗೆ ಅಷ್ಟು ಗಟ್ಟಿ ಅನಿಸಿದ್ದರೆ ಅವರೇ ಮಾಡಿಸಿಕೊಳ್ಳಲಿ. ಗಂಡಸರದ್ದಕ್ಕೆ ಹೊಟ್ಟೆ ಕೊಯ್ಯೋದಿಲ್ಲ, ಹೊಲಿಗೆಯೂ ಇಲ್ಲ. ಆದರೂ ದೇಶದಲ್ಲಿ ನೂರು ಜೋಡಿ ತಗೊಂಡರೆ ಮಾಡಿಸಿಕೊಂಡ ಗಂಡಸು ಒಬ್ಬನೂ ಸಿಗಲ್ಲ, ಹೆಂಗಸರು ಮೂವತ್ತೆಂಟು! ನಾನು ಮೂವತ್ತು ವರ್ಷ ಊರೂರು ತಿರುಗಿದೆ, ಗಂಡಸರು ಶಕ್ತಿ ಹೋಗುತ್ತೆ ಅಂತ ಹೊಲದ ಕಡೆ ಓಡುತ್ತಿದ್ದರು. ನಿಮ್ಮ ದೊಡ್ಡಪ್ಪನೂ ಅಷ್ಟೇ. ನರ್ಸಿನ ಗಂಡ ಆಗಿ! ಕೊನೆಗೆ ನಾನೇ ಮಾಡಿಸಿಕೊಂಡು ಎಂಟನೇ ದಿನಕ್ಕೆ ಡ್ಯೂಟಿಗೆ ಹೋದೆ. ಆ ಎಂಟು ದಿನ ಒಂದು ಲೋಟ ಗಂಜಿ ಕಾಸಿ ಕೊಟ್ಟವರು ಈ ಗ್ರೂಪಿನಲ್ಲಿ ಯಾರಿದ್ದೀರಿ, ಹೇಳಿ. ಈಗ ಪುಟ್ಟಿ ಅಳುತ್ತಾ ಕೇಳಿದರೆ ಗಂಡಸರೆಲ್ಲ ಕೈ ಮುಗಿಯೋ ಚಿತ್ರ ಹಾಕಿ ಸುಮ್ನಾದಿರಿ.

ಅಯ್ಯೋ, ಹೇಳಬೇಕಾದದ್ದೇ ಮರೆತೆ. ಪುಟ್ಟಿ, ಸದ್ಯಕ್ಕೆ ಬೇಡ ಅಂದರೆ ಕಾಪರ್-ಟಿ ಹಾಕಿಸ್ಕೋ. ಐದು ವರ್ಷದ್ದು, ಹತ್ತು ವರ್ಷದ್ದು ಎರಡೂ ಇವೆ, ಬೇಕಾದಾಗ ತೆಗೆಸಬಹುದು. ಅದು ಆಗದಿದ್ದರೆ ಮೂರು ತಿಂಗಳಿಗೊಮ್ಮೆ ತಗೊಳ್ಳೋ ಅಂತರಾ ಇಂಜೆಕ್ಷನ್ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಮುಟ್ಟು ಜಾಸ್ತಿ ಹೋಗುತ್ತಾ, ರಕ್ತ ಕಡಿಮೆ ಇದೆಯಾ ಅಂತ ಮೊದಲು ಡಾಕ್ಟರಮ್ಮನಿಗೆ ಹೇಳು, ಯಾವುದು ನಿನಗೆ ಸರಿ ಅಂತ ಅವರೇ ನೋಡುತ್ತಾರೆ. ಮುಂದೆ ಯಾವತ್ತಾದರೂ ಆಪರೇಷನ್ ಅಂದರೂ ಬೇಕಾಗಿರೋದು ನಿನ್ನ ಸಹಿ, ಗಂಡನದ್ದಲ್ಲ. ಸೋಮವಾರ ಹೊರಡೋ ಮುಂಚೆ ನನಗೆ ಫೋನ್ ಮಾಡು, ಹತ್ತರೊಳಗೆ. ಆಮೇಲೆ ಪಿಂಚಣಿಗೆ ಬ್ಯಾಂಕಿಗೆ ಹೋಗಬೇಕು.