ಏಳು ಚುಕ್ಕಿ, ಏಳು ಗೆರೆ ಲೆಕ್ಕದಿಂದ ನ್ಯೂಟ್ರಿನೊ ಆಂಟೆನಾ ಜೋಡಿಸಬಹುದಾ?

ಚುಕ್ಕಿಗೆರೆ, ಗೌರಿಬಿದನೂರು:
ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಂ.ಎಸ್‌ಸಿ. ಗಣಿತ ಓದುತ್ತಿದ್ದೇನೆ. ಪ್ರಾಜೆಕ್ಟ್ ಫೈನೈಟ್ ಪ್ರೊಜೆಕ್ಟಿವ್ ಜಾಮೆಟ್ರಿ ಮೇಲೆ, ಅಂದರೆ ಎಣಿಸುವಷ್ಟೇ ಚುಕ್ಕಿ, ಗೆರೆ ಇರುವ ರೇಖಾಗಣಿತ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು ಫಾನೋ ಪ್ಲೇನ್: ಏಳು ಚುಕ್ಕಿ, ಏಳು ಗೆರೆ, ಗೆರೆಗೆ ಮೂರು ಚುಕ್ಕಿ. ಯಾವ ಎರಡು ಚುಕ್ಕಿ ಹಿಡಿದರೂ ಅವನ್ನು ಸೇರಿಸುವ ಗೆರೆ ಒಂದೇ ಒಂದು. ಅದರ ಮುಂದಿನದಕ್ಕೆ 13 ಚುಕ್ಕಿ. ಚುಕ್ಕಿಗಳಿಗೆ 0ರಿಂದ 12ರವರೆಗೆ ನಂಬರ್ ಕೊಟ್ಟರೆ ಅಲ್ಲಿ ಒಂದು ಗೆರೆ 0, 1, 3, 9. ಈ ನಾಲ್ಕರಲ್ಲಿ ಎರಡೆರಡನ್ನು ಕಳೆದು ನೋಡಿ: 1, 2, 3, 6, 8, 9. ಒಂದೂ ಮತ್ತೆ ಬರುವುದಿಲ್ಲ! ಇದನ್ನು ಮೊದಲ ಸಲ ಕೈಯಲ್ಲಿ ಮಾಡಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ.

ನಮ್ಮೂರ ಹತ್ತಿರದ ರೇಡಿಯೋ ದೂರದರ್ಶಕವನ್ನು ಅಪ್ಪ ಚಿಕ್ಕಂದಿನಲ್ಲಿ ತೋರಿಸಿದ್ದರು. ಬಯಲಿನ ತುಂಬ ಸಾಲು ಸಾಲು ತಂತಿ. ಈಗ ಹಿಮದಲ್ಲಿ ಆಂಟೆನಾ ಇಳಿಸಿ ನ್ಯೂಟ್ರಿನೊ (ಯಾವುದಕ್ಕೂ ಸುಲಭಕ್ಕೆ ತಾಗದ ಅತಿ ಸಣ್ಣ ಕಣ) ಹಿಡಿಯಲು ನೋಡುತ್ತಿದ್ದಾರಂತೆ. ಆ ಆಂಟೆನಾಗಳನ್ನು 0, 1, 3, 9ರ ಜಾಗದಲ್ಲಿ ಇಟ್ಟರೆ ಲಾಭ ಇದೆಯಾ?

ಹಳೇ ಡೈಪೋಲ್, ಚಿಕ್ಕಬಳ್ಳಾಪುರ:
ಒಳ್ಳೇ ಪ್ರಶ್ನೆ ಕಣಮ್ಮ. ನೀನು ನೋಡಿದ್ದು 34.5 ಮೆಗಾಹರ್ಟ್ಸ್‌ನ ದೂರದರ್ಶಕ. ಇಂಗ್ಲಿಷಿನ ಟಿ ಆಕಾರ, 1000 ಡೈಪೋಲ್ (ಸರಳ ತಂತಿ ಆಂಟೆನಾ), ಪೂರ್ವ–ಪಶ್ಚಿಮದ ತೋಳೇ ಸುಮಾರು 1.4 ಕಿ.ಮೀ. ಆಕಾಶದ ಚಿತ್ರ ತೆಗೆಯುವವರಿಗೆ ಎರಡೆರಡು ಆಂಟೆನಾ ನಡುವಿನ ಬೇರೆ ಬೇರೆ ಅಂತರವೇ ಬಂಡವಾಳ. ನಾಲ್ಕನ್ನು ಸಮ ಅಂತರದಲ್ಲಿಟ್ಟರೆ ಮೂರೇ ಬಗೆಯ ಅಂತರ ಸಿಗುತ್ತದೆ. ನಿನ್ನ ಗೆರೆ ಆರು ಕೊಡುತ್ತದೆ. ಅಲ್ಲಿ ಖಂಡಿತ ಲಾಭ.

ನ್ಯೂಟ್ರಿನೊ ಕಥೆ ಬೇರೆ. ಭಾರಿ ಶಕ್ತಿಯ ನ್ಯೂಟ್ರಿನೊ ಹಿಮದಲ್ಲಿ ಡಿಕ್ಕಿ ಹೊಡೆದರೆ ಕಣಗಳ ಮಳೆಯೇ ಏಳುತ್ತದೆ. ಅದರಲ್ಲಿ ಪಾಸಿಟ್ರಾನ್‌ಗಿಂತ (ಎಲೆಕ್ಟ್ರಾನಿನದೇ ಧನ ಆವೇಶದ ಜೋಡಿ) ಎಲೆಕ್ಟ್ರಾನ್ ಪಾಲು ಜಾಸ್ತಿ. ಹಾಗಾಗಿ ನ್ಯಾನೋಸೆಕೆಂಡಿನಷ್ಟು ಚಿಕ್ಕ ರೇಡಿಯೋ ಮಿಡಿತ ಹೊಮ್ಮುತ್ತದೆ ಎಂದು 1962ರಲ್ಲಿ ಭೌತವಿಜ್ಞಾನಿ ಆಸ್ಕರ್ಯಾನ್ ಹೇಳಿದ್ದರು. ಗ್ರೀನ್‌ಲ್ಯಾಂಡಿನ ಆರ್‌ಎನ್‌ಒ-ಜಿ ಎಂಬ ನ್ಯೂಟ್ರಿನೊ ವೀಕ್ಷಣಾಲಯದಲ್ಲಿ ಸುಮಾರು 100 ಮೀಟರ್ ಆಳದಲ್ಲಿ ನಾಲ್ಕು ಆಂಟೆನಾ ಮೀಟರಿಗೊಂದರಂತೆ ಒತ್ತಾಗಿವೆ. ನಾಲ್ಕರ ಸಿಗ್ನಲ್ ಕೂಡಿಸಿದರೆ ಗದ್ದಲದಲ್ಲಿ ಹೂತ ಮಿಡಿತ ಎದ್ದು ಕಾಣುತ್ತದೆ. ನೀನು ಅವನ್ನು 9 ಮೀಟರಿಗೆ ಹರಡಿದರೆ ದಿಕ್ಕು ಚೆನ್ನಾಗಿ ಗೊತ್ತಾಗುತ್ತದೆ, ನಿಜ. ಆದರೆ ಮಿಡಿತ ಎಲ್ಲಿಂದ ಬರುತ್ತದೋ ತಿಳಿಯದಿದ್ದಾಗ ಕ್ಷಣಕ್ಷಣವೂ ಎಷ್ಟೋ ಹೆಚ್ಚು ದಿಕ್ಕುಗಳಿಗೆ ಕೂಡಿಸಿ ನೋಡಬೇಕು. ಅಷ್ಟು ಲೆಕ್ಕಕ್ಕೆ ಕರೆಂಟ್ ಬೇಕು, ಅಲ್ಲಿ ಕರೆಂಟೇ ದುಬಾರಿ. ಎರಡನ್ನೂ ಹೋಲಿಸಿ ಲೆಕ್ಕ ಹಾಕು. ಪ್ರಾಜೆಕ್ಟಿಗೆ ಅದೇ ಒಳ್ಳೇ ಅಧ್ಯಾಯ.

ಚಾಂಪಿಯನ್ ರೀಫ್ ಮನೆಮಗ, ಕೆಜಿಎಫ್:
ನ್ಯೂಟ್ರಿನೊ ಮಾತು ಬಂದರೆ ನಮ್ಮೂರನ್ನು ಬಿಡಬೇಡ ತಂಗಿ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ 1965ರಲ್ಲಿ ಸಿಕ್ಕಿದ್ದು ಇಲ್ಲೇ, ಸುಮಾರು 2.3 ಕಿ.ಮೀ. ಆಳದಲ್ಲಿ. ಟಿಐಎಫ್‌ಆರ್ (ಬಾಂಬೆಯ ಟಾಟಾ ಸಂಶೋಧನಾ ಸಂಸ್ಥೆ), ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್‌ನವರು ಸೇರಿ ಮಾಡಿದ ಕೆಲಸ. ಅಷ್ಟು ಆಳದಲ್ಲೂ ಮೇಲಿಂದ ಒಂದಷ್ಟು ಮ್ಯೂಆನ್ (ವಾತಾವರಣದಲ್ಲೇ ಹುಟ್ಟುವ ಇನ್ನೊಂದು ಕಣ) ಇಳಿಯುತ್ತಿದ್ದವು. ಅಡ್ಡಡ್ಡ ಬಂದರೆ ಮಾತ್ರ ಅದು ನ್ಯೂಟ್ರಿನೊದಿಂದ ಅನ್ನಬಹುದು, ಅದಕ್ಕೇ ಅಡ್ಡಡ್ಡ ಬರುವ ಕಣಗಳ ಜಾಡಿಗಾಗಿ ಕಾದರು. ನಮ್ಮ ತಾತ ಆ ಗಣಿಗೆ ಇಳಿಯುತ್ತಿದ್ದರು. ಬಾಂಬೆಯವರು ಕತ್ತಲಲ್ಲಿ ಏನೋ ಎಣಿಸುತ್ತಾರೆ ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ.

ಚುಕ್ಕಿಗೆರೆ:
ಅಣ್ಣ, ಹಾಗಾದರೆ ಆ ಗಣಿಯಲ್ಲೇ ಆಂಟೆನಾ ಇಡಬಹುದಿತ್ತಲ್ವಾ?

ಹಳೇ ಡೈಪೋಲ್:
ಆಗಲ್ಲಮ್ಮ. ನೀರು ಹಿಡಿದ ಬಂಡೆ ರೇಡಿಯೋ ಅಲೆಯನ್ನು ಬೇಗ ನುಂಗಿಬಿಡುತ್ತದೆ. ಧ್ರುವದ ತಣ್ಣನೆ ಹಿಮದಲ್ಲಿ ಅಲೆ ಕಿಲೋಮೀಟರ್‌ಗಟ್ಟಲೆ ಸಾಗುತ್ತದೆ. ವಿಜ್ಞಾನಿಗಳು ಅಷ್ಟು ದೂರ ಹೋಗುವುದು ಅದಕ್ಕೇ.

ಚುಕ್ಕಿಗೆರೆ:
ಥ್ಯಾಂಕ್ಸ್ ಸರ್. 0, 1, 2, 3 ಮತ್ತು 0, 1, 3, 9 ಎರಡಕ್ಕೂ ಇವತ್ತೇ ಪ್ರೋಗ್ರಾಂ ಬರೆಯಲು ಕೂರುತ್ತೇನೆ. ಗ್ರಾಫ್ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.