ಅಪ್‌ಡೇಟ್: ಸಿರ್ಸಿಯ ಹಳೇ ಲ್ಯಾಪ್‌ಟಾಪ್‌ಗೆ ವೈಫೈ ಬಂತು

ಅಪ್ಪಯ್ಯನ ಅಡಿಕೆ ಲೆಕ್ಕಕ್ಕೆ ಅಂತ 2 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ (ವಿಂಡೋಸ್ ಬದಲು ಹಾಕಬಹುದಾದ, ಹಗುರವಾದ ಆಪರೇಟಿಂಗ್ ಸಿಸ್ಟಂ) ಹಾಕಿದ್ದೆ. ವೈಫೈ ಕಾಣ್ತಿಲ್ಲ, ಬ್ರೈಟ್‌ನೆಸ್ ಕೀ ಕೆಲಸ ಮಾಡ್ತಿಲ್ಲ ಅಂತ ಹಿಂದೆ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆನಲ್ಲ, ಎರಡೂ ಸರಿಯಾದವು.

ನೀವು ಹೇಳಿದಂತೆ ಟರ್ಮಿನಲ್‌ನಲ್ಲಿ (ಆಜ್ಞೆ ಟೈಪ್ ಮಾಡುವ ಕಿಟಕಿ) 'ಎಲ್‌ಎಸ್‌ಪಿಸಿಐ' ಅನ್ನೋ, ಒಳಗಿನ ಬಿಡಿಭಾಗಗಳ ಪಟ್ಟಿ ತೋರಿಸುವ ಆಜ್ಞೆ ಕೊಟ್ಟು ನೋಡಿದೆ. ವೈಫೈ ಚಿಪ್ ಬ್ರಾಡ್‌ಕಾಮ್ ಬಿಸಿಎಂ4312. ಅದಕ್ಕೆ ಬೇರೆ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಬೇಕು, ಅದನ್ನು ಇಳಿಸೋಕೆ ನೆಟ್ ಬೇಕು, ನೆಟ್‌ಗೆ ವೈಫೈ ಬೇಕು, ಚೆನ್ನಾಗಿದೆ ಅಲ್ವಾ! ಮೊಬೈಲನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಮೊಬೈಲಿನ ನೆಟ್ಟನ್ನೇ ಲ್ಯಾಪ್‌ಟಾಪ್‌ಗೆ ಕೊಟ್ಟೆ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತಾನೇ ಡ್ರೈವರ್ ಹುಡುಕಿ ಕೊಟ್ಟಿತು. ರೀಸ್ಟಾರ್ಟ್ ಮಾಡಿದೆ, ಬಂತು.

ಬ್ರೈಟ್‌ನೆಸ್‌ದೇ ದೊಡ್ಡ ಕಾಟ. ರಾತ್ರಿ ಜಗಲಿಯಲ್ಲಿ ಕೂತರೆ ಮಳೆಹುಳಗಳೆಲ್ಲ ಪರದೆಗೇ ಮುತ್ತುತ್ತಿದ್ದವು, ಕೀ ಒತ್ತಿದರೆ ಪಟ್ಟಿ ಮಾತ್ರ ಇಳಿಯುತ್ತಿತ್ತು, ಬೆಳಕು ಇಳಿಯುತ್ತಿರಲಿಲ್ಲ. ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ 'ಇ' ಒತ್ತಿ, 'ಲಿನಕ್ಸ್' ಅಂತ ಶುರುವಾಗುವ ಸಾಲಿನ ಕೊನೆಗೆ 'ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್' (ಬೆಳಕಿನ ನಿಯಂತ್ರಣವನ್ನು ತಯಾರಕರ ಡ್ರೈವರ್‌ಗೆ ಬಿಡುವ ಆಯ್ಕೆ) ಸೇರಿಸಿ ಬೂಟ್ ಮಾಡಿದೆ. ಹೀಗೆ ಮಾಡಿದರೆ ಆ ಒಂದು ಬೂಟ್‌ಗಷ್ಟೇ ಬದಲಾವಣೆ, ಹಾಗಾಗಿ ಹೆದರಿಕೆ ಇಲ್ಲದೆ ನೋಡಬಹುದು. ಕೀ ಕೆಲಸ ಮಾಡಿತು. ಆಮೇಲೆ ಯಾವಾಗಲೂ ಉಳಿಯಲಿ ಅಂತ ಗ್ರಬ್ ಫೈಲಿಗೇ ಅದನ್ನು ಬರೆದು 'ಅಪ್‌ಡೇಟ್-ಗ್ರಬ್' ಕೊಟ್ಟೆ.

ಒಂದು ಬಾಕಿ ಇದೆ. ಮುಚ್ಚಳ ಹಾಕಿ ತೆಗೆದರೆ ಕೆಲವೊಮ್ಮೆ ಟಚ್‌ಪ್ಯಾಡ್ ಸತ್ತಿರುತ್ತದೆ. ಟರ್ಮಿನಲ್‌ನಲ್ಲಿ 'ಪಿಎಸ್‌ಮೌಸ್' ಮಾಡ್ಯೂಲ್ (ಟಚ್‌ಪ್ಯಾಡ್ ನಡೆಸುವ ಡ್ರೈವರ್) ತೆಗೆದು ಮತ್ತೆ ಹಾಕಿದರೆ ಎದ್ದು ಕೂರುತ್ತದೆ. ಅಪ್ಪಯ್ಯನಿಗೆ ಟರ್ಮಿನಲ್ ಕಲಿಸೋದು ಆಗದ ಮಾತು, ಸದ್ಯಕ್ಕೆ ಸುಮ್ನೆ ಒಂದು ಯುಎಸ್‌ಬಿ ಮೌಸ್ ಕೊಟ್ಟಿದ್ದೇನೆ.